ಶೂ ಕೊಳ್ಳಲು ಬರುವಾಗ ಇನ್‌ಸೋಲ್ ಮರೆಯಬೇಡಿ

ಮೈಸೂರಿನ ದೇವರಾಜ ಅರಸು ರಸ್ತೆಯ ಹತ್ತಿರ ಒಂದು ಚಪ್ಪಲಿ, ಶೂ ಅಂಗಡಿಯಲ್ಲಿ ನನ್ನ ಕೆಲಸ. ಹಿಮ್ಮಡಿ ನೋವು, ಚಪ್ಪಟೆ ಪಾದ, ಮಂಡಿ ನೋವು ಅಂತ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಇನ್‌ಸೋಲ್, ಅಂದರೆ ಶೂ ಒಳಗೆ ಅಂಗಾಲಿನ ಕೆಳಗೆ ಇಡುವ ಆಸರೆ, ಮಾಡಿಸಿಕೊಂಡು, ಅದಕ್ಕೊಂದು ಶೂ ಹುಡುಕಿಕೊಂಡು ಬರುವವರು ಈಗ ಜಾಸ್ತಿ. ಅವರಲ್ಲಿ ಮುಕ್ಕಾಲು ಪಾಲು ಜನ ಬಾಗಿಲಲ್ಲೇ ಹೇಳುವ ಮಾತು ಒಂದೇ: "ನನ್ನದು ಏಳನೇ ನಂಬರ್. ಇನ್‌ಸೋಲ್ ಹಾಕಬೇಕು, ಅದಕ್ಕೆ ಎಂಟು ಕೊಡಿ."

ಈ ಲೆಕ್ಕ ಕೂಡಿ ಬರುವುದಿಲ್ಲ. ನಮ್ಮಲ್ಲಿ ನಡೆಯುವುದು ಹೆಚ್ಚಾಗಿ ಇಂಗ್ಲೆಂಡಿನ ನಂಬರು. ಅದರಲ್ಲಿ ಒಂದು ನಂಬರ್ ಮೇಲೆ ಹೋದರೆ ಶೂ ಉದ್ದ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಜಾಸ್ತಿಯಾಗುತ್ತದೆ. ಇನ್‌ಸೋಲ್ ತಿನ್ನುವುದು ಉದ್ದವನ್ನಲ್ಲವಲ್ಲ, ಎತ್ತರವನ್ನು. ಕಾಲು ಮೇಲಕ್ಕೆ ಬರುತ್ತದೆ, ಹಿಮ್ಮಡಿ ಶೂ ಅಂಚಿನ ಹತ್ತಿರ ಬಂದು ಕೂರುತ್ತದೆ. ನಂಬರ್ ದೊಡ್ಡದಾದರೆ ಮುಂದೆ ಖಾಲಿ ಜಾಗ ಸಿಗುತ್ತದೆ, ಬೇಕಾದ ಆಳ ಸಿಗುವುದಿಲ್ಲ. ಜೊತೆಗೆ ಇನ್ನೊಂದು ತೊಂದರೆ. ಶೂ ಬಾಗುವ ಜಾಗ ಬೆರಳುಗಳ ಬುಡದ ಕೆಳಗೆ ಇರಬೇಕು. ಉದ್ದದ ಶೂನಲ್ಲಿ ಅದು ಮುಂದಕ್ಕೆ ಜರುಗುತ್ತದೆ. ಕಾಲು ಒಂದು ಕಡೆ ಬಾಗುತ್ತದೆ, ಶೂ ಇನ್ನೊಂದು ಕಡೆ.

ಮಂಡ್ಯ ಕಡೆಯಿಂದ ಬಂದಿದ್ದ ಒಬ್ಬರು ಟೀಚರ್ ನೆನಪಾಗುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತೆ ಅಂದರು. ಪ್ಲಾಂಟರ್ ಫೇಶಿಯೈಟಿಸ್ ಅಂತ ಡಾಕ್ಟರ್ ಹೇಳಿದ್ದರಂತೆ. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿ ಹಾದು ಹೋಗುವ ಗಟ್ಟಿ ಪಟ್ಟಿಯ ನೋವು ಅದು. ಇನ್‌ಸೋಲ್ ಒಳ್ಳೆಯದೇ ಇತ್ತು, ಕಮಾನಿನ ಕೆಳಗೆ ಗಟ್ಟಿ ಪ್ಲಾಸ್ಟಿಕ್, ಹಿಮ್ಮಡಿಗೆ ಬಟ್ಟಲಿನ ಆಕಾರ. ಅದನ್ನು ಒಂದು ನಂಬರ್ ದೊಡ್ಡದಾದ ಬೆಲ್ಲಿ ಶೂ ಒಳಗೆ, ಅದರಲ್ಲಿ ಅಂಟಿಸಿದ್ದ ಹಾಸಿನ ಮೇಲೇ ಇಟ್ಟುಕೊಂಡು ನಡೆಯುತ್ತಿದ್ದರು. ಎರಡು ಹೆಜ್ಜೆ ನಡೆಯಿರಿ ಮೇಡಂ ಅಂದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಶೂ ಬಿಟ್ಟು ಮೇಲೆ ಬರುತ್ತಿತ್ತು. ಶೂ ಜಾರದ ಹಾಗೆ ಬೆರಳುಗಳನ್ನು ಮಡಚಿ ಹಿಡಿದುಕೊಳ್ಳುತ್ತಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ. ನೋವು ಕಮ್ಮಿಯಾಗಲೆಂದು ದುಡ್ಡು ಕೊಟ್ಟು ಮಾಡಿಸಿದ್ದು, ಶೂ ದೆಸೆಯಿಂದ ಕಾಲಿಗೆ ಹೊಸ ಕೆಲಸ ಹಚ್ಚಿತ್ತು.

ಪಕ್ಕದಲ್ಲಿದ್ದ ಅವರ ಯಜಮಾನರು, "ಇನ್ನೂ ಒಂದು ನಂಬರ್ ದೊಡ್ಡದು ಕೊಡಿ ಅತ್ಲಾಗೆ" ಅಂದರು.

ಕೊಡಲಿಲ್ಲ. ಅವರ ಸರಿಯಾದ ನಂಬರಿನದ್ದೇ ಲೇಸ್ ಇರುವ ಶೂ ತಂದೆ. ಒಳಗೆ ಕಂಪನಿಯವರು ಹಾಕಿದ್ದ ಹಾಸನ್ನು ಕೈಹಾಕಿ ಎಳೆದೆ, ಬಂತು. ಆ ಜಾಗದಲ್ಲಿ ಅವರ ಇನ್‌ಸೋಲ್ ಇಟ್ಟೆ. ಹಿಂದೆ ಹಿಮ್ಮಡಿ ಮೂಲೆಗೆ ಸರಿಯಾಗಿ ಕೂತಿತು, ಅಂಚುಗಳು ಮೇಲೇಳಲಿಲ್ಲ. ಕಾಲು ಇಟ್ಟು ಲೇಸ್ ಬಿಗಿದು ನಡೆದರು. ಹಿಮ್ಮಡಿ ಅಲ್ಲೇ ನಿಂತಿತು.

ನಮ್ಮ ಕೆಲಸದಲ್ಲಿ ಮುಖ್ಯವಾದ ಗುಟ್ಟು ಈ ಹಾಸು. ಕಿತ್ತರೆ ಬರುವ ಹಾಸು ಇರುವ ಶೂ ನಿಮಗೆ ಬೇಕು. ಅದು ಬಂದರೆ ಅದರ ದಪ್ಪದಷ್ಟು ಜಾಗ ಪುಕ್ಕಟೆಯಾಗಿ ಸಿಕ್ಕಂತೆ. ವಾಕಿಂಗ್ ಶೂ, ಓಡುವ ಶೂಗಳಲ್ಲಿ ಬಹಳಷ್ಟಕ್ಕೆ ಬರುತ್ತದೆ. ಆಫೀಸಿಗೆ ಹಾಕುವ ತೆಳ್ಳನೆಯ ಲೆದರ್ ಶೂಗಳಲ್ಲಿ ಸಾಮಾನ್ಯವಾಗಿ ಅಂಟಿಸಿಬಿಟ್ಟಿರುತ್ತಾರೆ. ಹಾಸು ತೆಗೆದರೂ ಜಾಗ ಸಾಲದವರಿಗೆ ಎಕ್ಸ್‌ಟ್ರಾ ಡೆಪ್ತ್ ಅಂತಲೇ ಶೂ ಬರುತ್ತವೆ. ಮಾಮೂಲಿಗಿಂತ ಕಾಲಿಂಚಿನಿಂದ ಅರ್ಧ ಇಂಚಿನಷ್ಟು ಆಳ ಜಾಸ್ತಿ ಇರುತ್ತದೆ. ಎಲ್ಲ ಅಂಗಡಿಯಲ್ಲೂ ಇರುವ ಮಾಲಲ್ಲ ಅದು, ಕೇಳಿ ತರಿಸಬೇಕು.

ತೆಗೆದ ಹಾಸಿನಿಂದ ಇನ್ನೊಂದು ಉಪಯೋಗ ಇದೆ. ನೆಲದ ಮೇಲೆ ಇಟ್ಟು ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಪೂರ್ತಿ ಭಾರ ಹಾಕಿ ನಿಲ್ಲಬೇಕು, ಕೂತು ನೋಡಿದರೆ ಸುಳ್ಳು ಹೇಳುತ್ತದೆ. ಕಿರುಬೆರಳು ಹಾಸಿನ ಆಚೆ ಚೆಲ್ಲಿದರೆ ಆ ಶೂ ನಿಮಗೆ ಇಕ್ಕಟ್ಟು. ನಂಬರ್ ಎಷ್ಟೇ ಇರಲಿ, ಅದು ಕಚ್ಚುತ್ತದೆ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ, ನಾನೂ ಅಂಗಡಿಯವನೇ. ಲೆದರ್ ಸ್ವಲ್ಪ ಬಿಡುತ್ತದೆ, ಸಿಂಥೆಟಿಕ್ ಅಷ್ಟಾಗಿ ಬಿಡುವುದಿಲ್ಲ.

ಅಗಲದ ವಿಷಯದಲ್ಲಿ ನಮ್ಮವರಿಗೆ ಮೊದಲಿಂದಲೂ ಅನ್ಯಾಯ ಆಗಿದೆ ಅಂತ ನನಗನ್ನಿಸುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ತ್ರೀ-ಡಿ ಸ್ಕ್ಯಾನರಿನಲ್ಲಿ ಅಳೆದರು. ನಮ್ಮ ಪಾದ ಯುರೋಪು, ಅಮೆರಿಕದವರಿಗಿಂತ ಅಗಲ ಅಂತ ಗೊತ್ತಾಯಿತು. 'ಭಾ' ಅನ್ನುವ ಹೊಸ ಭಾರತೀಯ ಅಳತೆಯ ಪ್ರಸ್ತಾಪ ಬಂದದ್ದು ಅದರಿಂದಲೇ. ಕೌಂಟರಿನಲ್ಲಿ ನಿಂತ ನಮಗೆ ಇದು ಹೊಸ ಸುದ್ದಿಯಲ್ಲ. ಅಗಲ ಸಾಲದೆ ಉದ್ದದಲ್ಲಿ ಮೇಲೆ ಹೋಗುವ ಗಿರಾಕಿಗಳನ್ನು ದಿನಾ ನೋಡುತ್ತೇವೆ. ಅಂಥವರು ಇನ್‌ಸೋಲ್‌ಗಾಗಿ ಮತ್ತೊಂದು ನಂಬರ್ ಏರಿಸಿದರೆ ಶೂ ದೋಣಿಯಾಗುತ್ತದೆ.

ಅದಕ್ಕೇ ಕಾಲನ್ನು ಅಳೆಸಿಕೊಳ್ಳಿ ಅನ್ನುವುದು. ಕೆಲವು ಅಂಗಡಿಗಳಲ್ಲಿ ಜಾರುವ ಪಟ್ಟಿಗಳಿರುವ ಲೋಹದ ಹಲಗೆ ಇರುತ್ತದೆ. 1920ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾನಾಕ್ ಎಂಬಾತ ಮಾಡಿದ ಸಾಧನ ಅದು. ಅಗಲ, ಬೆರಳ ತುದಿಯವರೆಗಿನ ಉದ್ದ, ಬೆರಳ ಬುಡದವರೆಗಿನ ಉದ್ದ, ಮೂರನ್ನೂ ಹೇಳುತ್ತದೆ. ಸಂಜೆ ಬಂದರೆ ಒಳ್ಳೆಯದು, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ. ಎರಡೂ ಕಾಲು ಒಂದೇ ಅಳತೆ ಇರುವವರು ಕಮ್ಮಿ, ದೊಡ್ಡ ಕಾಲಿಗೆ ಹೊಂದಿಸಬೇಕು. ನಿತ್ಯ ಹಾಕುವ ಸಾಕ್ಸೇ ಹಾಕಿಕೊಂಡು ಬನ್ನಿ. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ.

ಇನ್ನು ಶೂ ಕೈಗೆತ್ತಿಕೊಂಡರೆ ನಾನು ಮೊದಲು ಒತ್ತುವುದು ಹಿಂಭಾಗ, ಹಿಮ್ಮಡಿ ಹಿಡಿಯುವ ಗೋಡೆ. ಎರಡು ಬೆರಳಲ್ಲಿ ಒತ್ತಿದರೆ ಮಡಚಿಕೊಳ್ಳಬಾರದು. ಆಮೇಲೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡುತ್ತೇನೆ. ಸುಲಭವಾಗಿ ತಿರುಚಿದರೆ ಆ ಶೂನೊಳಗೆ ಎಷ್ಟು ಬೆಲೆಯ ಇನ್‌ಸೋಲ್ ಇಟ್ಟರೂ ಕೆಳಗಿನ ಅಟ್ಟೆ ಅದನ್ನು ನೆಟ್ಟಗೆ ಹಿಡಿಯುವುದಿಲ್ಲ. ಮೆತ್ತಗಿದ್ದರೆ ಆರಾಮ ಅನ್ನುವ ಭಾವನೆ ಗಿರಾಕಿಗಳಲ್ಲಿ ಬಲವಾಗಿದೆ. ಸ್ಪಂಜಿನಂಥ ಶೂ ಒತ್ತಿ ನೋಡಿ "ಆಹಾ" ಅನ್ನುತ್ತಾರೆ. ಇನ್‌ಸೋಲ್ ಹಾಕುವವರಿಗೆ ಅದು ಆಗಿಬರುವುದಿಲ್ಲ.

ಲೇಸ್ ಅಂದರೆ ನಮ್ಮೂರಲ್ಲಿ ತಕರಾರು ಶುರು. ಅದು ನ್ಯಾಯವೇ. ಮನೆ ಬಾಗಿಲಲ್ಲಿ ಬಿಚ್ಚಬೇಕು, ದೇವಸ್ಥಾನದಲ್ಲಿ ಬಿಚ್ಚಬೇಕು, ಅರಮನೆ ನೋಡಲು ಹೋದರೂ ಹೊರಗೆ ಬಿಡಬೇಕು. ಎಷ್ಟು ಸಲ ಬಗ್ಗುವುದು? ಆದ್ದರಿಂದ ಜನ ಲೇಸ್ ಬಿಚ್ಚದೆಯೇ ಕಾಲು ತುರುಕುತ್ತಾರೆ, ಹಿಂದಿನ ಗೋಡೆಯನ್ನು ತುಳಿದು ಚಪ್ಪಟೆ ಮಾಡುತ್ತಾರೆ. ಆಮೇಲೆ ಇನ್‌ಸೋಲ್‌ಗೆ ಆಸರೆ ಎಲ್ಲಿಂದ ಬರಬೇಕು? ಬಗ್ಗಲಾರದವರಿಗೆ ನಾನು ವೆಲ್ಕ್ರೋ ಪಟ್ಟಿಯದ್ದು ತೋರಿಸುತ್ತೇನೆ, ಜೊತೆಗೆ ಹಿಮ್ಮಡಿಯನ್ನು ಶೂ ಒಳಗೆ ಜಾರಿಸುವ ಉದ್ದ ಹಿಡಿಯ ಶೂ ಹಾರ್ನ್ ತೆಗೆದುಕೊಳ್ಳಿ ಅನ್ನುತ್ತೇನೆ. ಚಪ್ಪಲಿಯೇ ಬೇಕು ಅನ್ನುವವರಿಗೆ ಹಿಂದೆ ಪಟ್ಟಿ ಇರುವ, ಒಳಹಾಸು ಕಿತ್ತು ತೆಗೆಯಬಹುದಾದ ಸ್ಯಾಂಡಲ್ ಇದೆ. ಹವಾಯಿ ಚಪ್ಪಲಿಗೆ ಇದೆಲ್ಲ ನಡೆಯುವುದಿಲ್ಲ.

ಒಂದು ಮಾತು, ನಗಬೇಡಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವಾಗ ಹಳೇ ಚಪ್ಪಲಿ ಹಾಕಿಕೊಂಡು ಹೋಗಿ. ಅಲ್ಲಿ ಶೂ ಕಳೆದುಕೊಂಡು ನಮ್ಮಲ್ಲಿಗೆ ಬಂದವರು ಶೂಗೆ ಅಷ್ಟು ಬೇಜಾರು ಮಾಡಿಕೊಂಡಿರಲಿಲ್ಲ. ಒಳಗಿದ್ದ ಇನ್‌ಸೋಲ್ ಅದರ ಎರಡರಷ್ಟು ಬೆಲೆಯದು!

ಹೆಬ್ಬಾಳ, ಹೂಟಗಳ್ಳಿ ಕಡೆಯ ಫ್ಯಾಕ್ಟರಿಗಳಿಂದ ಬರುವವರದು ಬೇರೆ ಕಥೆ. ಸೇಫ್ಟಿ ಶೂ ಮುಂದೆ ಉಕ್ಕಿನ ಟೋಪಿ ಇರುತ್ತದೆ, ಅದು ಒಂದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಪೂರ್ತಿ ಉದ್ದದ ದಪ್ಪ ಇನ್‌ಸೋಲ್ ಹಾಕಿದರೆ ಬೆರಳು ಮೇಲೆದ್ದು ಉಕ್ಕಿಗೆ ಉಜ್ಜುತ್ತದೆ. ಬೆರಳ ಬುಡದವರೆಗೆ ಮಾತ್ರ ಬರುವ ಮುಕ್ಕಾಲು ಉದ್ದದ್ದು ಆಗುತ್ತದಾ ಅಂತ ಮಾಡಿಕೊಟ್ಟವರನ್ನು ಕೇಳಿ. ಒಳಗಿನದ್ದನ್ನು ಬದಲಾಯಿಸುವ ಮೊದಲು ಫ್ಯಾಕ್ಟರಿಯ ಸೇಫ್ಟಿ ಆಫೀಸರಿಗೂ ಹೇಳಿ.

ಸಕ್ಕರೆ ಕಾಯಿಲೆ ಇರುವವರು ಬಂದರೆ ನಾನು ವ್ಯಾಪಾರ ನಿಧಾನ ಮಾಡುತ್ತೇನೆ. ಕಾಲು ಜೋಮು ಹಿಡಿದಿದ್ದರೆ ಶೂ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. "ಆರಾಮಾಗಿದೆ" ಅನ್ನುತ್ತಾರೆ, ಸಾಕ್ಸ್ ತೆಗೆದರೆ ಕಿರುಬೆರಳ ಪಕ್ಕ ಕೆಂಪಗಾಗಿರುತ್ತದೆ. ಒಬ್ಬ ಹಿರಿಯರ ಶೂ ಒಳಗೆ ಕೈ ಹಾಕಿದಾಗ ಒಂದು ಅಡಿಕೆ ಚೂರು ಸಿಕ್ಕಿತು. ಬೆಳಿಗ್ಗೆಯಿಂದ ಅದರ ಮೇಲೇ ನಡೆದಿದ್ದರು, ಗೊತ್ತಾಗಿರಲಿಲ್ಲ. ಇಂಥವರಿಗೆ ಎಂಸಿಆರ್ ಚಪ್ಪಲಿ, ಅಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರಿನದ್ದು, ಡಾಕ್ಟರು ಬರೆದುಕೊಡುವುದುಂಟು. ಯಾವುದು ಬೇಕು ಅಂತ ತೀರ್ಮಾನಿಸುವುದು ಅವರು, ನಾನಲ್ಲ. ಹಾಕಿಕೊಳ್ಳುವ ಮೊದಲು ದಿನಾ ಶೂ ಒಳಗೆ ಕೈ ಹಾಕಿ ನೋಡಿ ಸಾರ್ ಅಂತ ಮಾತ್ರ ಹೇಳಿ ಕಳಿಸುತ್ತೇನೆ.

ಮನೆಗೆ ಹೋದ ಮೇಲೆ ಹೊಸ ಇನ್‌ಸೋಲ್, ಹೊಸ ಶೂ ಎರಡನ್ನೂ ಸೇರಿಸಿ ಮೊದಲ ದಿನವೇ ಸಂಜೆವರೆಗೆ ಹಾಕಬೇಡಿ. ಒಂದೆರಡು ಗಂಟೆಯಿಂದ ಶುರು ಮಾಡಿ, ದಿನಕ್ಕಿಷ್ಟು ಅಂತ ಏರಿಸಿ. ಮೊದಲು ಮನೆಯೊಳಗೇ ನಡೆದು ನೋಡಿ, ಅಟ್ಟೆ ಕೊಳೆಯಾಗದಿದ್ದರೆ ಬದಲಾಯಿಸಿಕೊಡುವುದು ನಮಗೂ ಸುಲಭ. ಪೂರ್ತಿ ಉದ್ದದ ಇನ್‌ಸೋಲ್ ಶೂಗಿಂತ ಸ್ವಲ್ಪ ದೊಡ್ಡದಿದ್ದರೆ, ತೆಗೆದ ಹಾಸನ್ನೇ ಮೇಲಿಟ್ಟು ಗೆರೆ ಎಳೆದು ಬೆರಳ ಕಡೆ ಮಾತ್ರ ಕತ್ತರಿಸಿ. ಹಿಮ್ಮಡಿ ಕಡೆ ಕತ್ತರಿ ತಾಗಿಸಬೇಡಿ. ಆ ಹಾಸನ್ನು ಎಸೆಯಲೂ ಬೇಡಿ. ನೋವು ವಾಸಿಯಾಗಿ ಡಾಕ್ಟರು ಇನ್‌ಸೋಲ್ ಸಾಕು ಅಂದ ದಿನ ಅದನ್ನೇ ವಾಪಸ್ ಹಾಕಿಕೊಳ್ಳಬಹುದು, ಹೊಸ ಶೂ ಬೇಕಾಗುವುದಿಲ್ಲ. ನಮ್ಮ ಮಾಲೀಕರಿಗೆ ಈ ಕೊನೆಯ ಮಾತು ಅಷ್ಟು ಇಷ್ಟವಿಲ್ಲ.