‘ಪ್ಲೀಸ್ ಹರ್ರಿ ಅಪ್’ ಎಂದು ಬರೆದ ಮೇಲೆ

ಹೊರದೇಶದ ಗ್ರಾಹಕರೊಂದಿಗೆ ಪತ್ರವ್ಯವಹಾರ ನಡೆಸುವುದು ನನ್ನ ಕೆಲಸ. ಸೇರಿದ ಮೊದಲ ವರ್ಷ ಒಂದು ಕರಾರುಪತ್ರಕ್ಕೆ ಸಹಿ ಬಾಕಿ ಉಳಿದಾಗ, ವಯಸ್ಸಿನಲ್ಲಿಯೂ ಹುದ್ದೆಯಲ್ಲಿಯೂ ನನಗಿಂತ ಬಹಳ ಹಿರಿಯರಾದ ಒಬ್ಬರಿಗೆ ‘ಪ್ಲೀಸ್ ಹರ್ರಿ ಅಪ್’ ಎಂದು ಇಮೇಲ್ ಬರೆದೆ. ಸಹಿ ಅಂದೇ ಬಂತು. ಇನ್ನು ಮುಂದೆ ತಮ್ಮೊಡನೆ ಬೇರೆ ಯಾರಾದರೂ ವ್ಯವಹರಿಸಲಿ ಎಂಬ ಒಂದು ಸಾಲೂ ನಮ್ಮ ಮ್ಯಾನೇಜರರಿಗೆ ತಲುಪಿತು.

ಕನ್ನಡದಲ್ಲಿ ‘ಬೇಗ ಮಾಡು’ ಎಂಬುದು ‘ಬೇಗ ಮಾಡಿ’ ಎಂದಾದೊಡನೆ ಮರ್ಯಾದೆ ಕ್ರಿಯಾಪದದೊಳಗೇ ಬಂದು ಕೂರುತ್ತದೆ. ನಾನು ಮನಸ್ಸಿನಲ್ಲಿ ಹೇಳಿಕೊಂಡದ್ದು ‘ಮಾಡಿ’ ಎಂದೇ ಆದರೂ, ಇಂಗ್ಲಿಷಿನ ಆಜ್ಞಾರ್ಥಕ್ಕೆ ಆ ಗೌರವದ ಬಹುವಚನವಿಲ್ಲದ ಕಾರಣ, ಅವರು ಓದಿದ್ದು ತಡಮಾಡುವ ಹುಡುಗನನ್ನು ಗದರುವ ಮಾತನ್ನು. ಮುಂದೆ ಅಂಟಿಸಿದ ‘ಪ್ಲೀಸ್’ ಅದನ್ನು ಇನ್ನಷ್ಟು ಸಿಡುಕಾಗಿಸಿತ್ತು. ‘ಗೆಟ್ ಎ ಮೂವ್ ಆನ್’, ‘ಮೇಕ್ ಇಟ್ ಸ್ನ್ಯಾಪಿ’ ಮುಂತಾದ, ಬೇಗ ಮಾಡು ಎನ್ನುವ ಮಾತುಗಳು ಸಲುಗೆ ಇರುವಲ್ಲಿ ಮಾತ್ರ ಸಲ್ಲುತ್ತವೆ. ದಕ್ಷಿಣ ಚೀನಾದ ವ್ಯಾಪಾರದ ಬೆರಕೆ ಇಂಗ್ಲಿಷಿನಿಂದ ಬಂದ ‘ಚಾಪ್ ಚಾಪ್’ (ಬೇಗ ಬೇಗ) ಅನ್ನು ಕಚೇರಿಯಲ್ಲಿ ಆಡದಿರುವುದೇ ಲೇಸು.

ಹೆದರಿದ ನಾನು ಮತ್ತೊಂದು ತುದಿಗೆ ಹೋಗಿ, ಎಲ್ಲರಿಗೂ ‘ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯನ್ಸ್’ ಎಂದು ಬರೆಯತೊಡಗಿದೆ. ಅದು ಎಷ್ಟು ವಿನಯದ ಮಾತೆಂದರೆ, ಮರುದಿನವೇ ಬೇಕಿದ್ದ ಉತ್ತರ ಒಂಬತ್ತು ದಿನಗಳ ಮೇಲೆ ಬಂತು. ಅವರ ತಪ್ಪೇನಿರಲಿಲ್ಲ, ಅನುಕೂಲವಾದಾಗ ಕಳುಹಿಸಿ ಎಂದು ಕೇಳಿದವನು ನಾನೇ. 1950ರ ದಶಕದಲ್ಲಿ ಅಮೆರಿಕದ ಸೈನ್ಯದಲ್ಲಿ ಬಳಕೆಗೆ ಬಂದ ‘ಎಎಸ್‌ಎಪಿ’ಯ (ಆ್ಯಸ್ ಸೂನ್ ಆ್ಯಸ್ ಪಾಸಿಬಲ್, ಅಂದರೆ ಆದಷ್ಟು ಬೇಗ) ದೋಷವೂ ಇದೇ ಬಗೆಯದು: ಕೂಗು ದೊಡ್ಡದು, ಒಳಗೆ ತಾರೀಖಿಲ್ಲ. ‘ಇಒಡಿ’ (ಎಂಡ್ ಆಫ್ ಡೇ) ಎಂದರಂತೂ ದಿನದ ಕೊನೆ ಯಾವ ದೇಶದ ಗಡಿಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ‘ಡೆಡ್‌ಲೈನ್’ ಮಾತ್ರ ಸ್ಪಷ್ಟವಾದದ್ದು, ಆದರೆ ಅದರ ಹುಟ್ಟು ಭೀಕರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಸೆರೆಶಿಬಿರದ ಕೈದಿಗಳು ದಾಟಿದರೆ ಗುಂಡು ಹಾರಿಸುತ್ತಿದ್ದ ಗೆರೆಯ ಹೆಸರಾಗಿತ್ತು ಅದು.

ನನಗೆ ಕೊನೆಗೆ ಒದಗಿದ್ದು ‘ಎಕ್ಸ್‌ಪೆಡೈಟ್’, ಅಂದರೆ ಕೆಲಸವನ್ನು ಚುರುಕುಗೊಳಿಸು ಎಂಬ ಪದ. ಅದರ ಲ್ಯಾಟಿನ್ ಮೂಲದಲ್ಲಿ ತೊಡಕಿಗೆ ಸಿಕ್ಕ ಪಾದವನ್ನು ಬಿಡಿಸುವ ಅರ್ಥವಿದೆ. ವ್ಯಕ್ತಿಯನ್ನು ಓಡು ಎನ್ನದೆ, ಸಿಕ್ಕಿಕೊಂಡ ಕೆಲಸವನ್ನು ಬಿಡಿಸಲು ನೆರವು ಕೇಳಿದಂತಾಗುವುದರಿಂದ, ಓದುವವರ ಮಾನಕ್ಕೆ ಕುಂದು ಬರುವುದಿಲ್ಲ. ಅದರ ಜೊತೆಗೆ ಯಾವ ದಿನ, ಅವರ ಗಡಿಯಾರದ ಎಷ್ಟು ಗಂಟೆ, ಅಷ್ಟರೊಳಗೆ ಬಾರದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಎಂಬುದನ್ನೂ ಒಂದೇ ವಾಕ್ಯದಲ್ಲಿ ಬರೆಯುತ್ತೇನೆ.

ಆ ಹಿರಿಯರಿಗೆ ಹೋಗುವ ಪತ್ರಗಳ ಕರಡನ್ನು ಈಗಲೂ ನಾನೇ ಸಿದ್ಧಪಡಿಸುತ್ತೇನೆ. ಕೆಳಗೆ ಸಹೋದ್ಯೋಗಿಯ ಹೆಸರಿರುತ್ತದೆ, ಉತ್ತರ ಬಹುಪಾಲು ಅದೇ ದಿನ ಬರುತ್ತದೆ.