ಸವಳು ನೀರಿನ ಸೀಮೆಯಲ್ಲಿ ಒಂದು ಕಾರು ಪ್ರವಾಸ

ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ ನೋಡಿಕೊಂಡು, ಲಕ್ಷ್ಮೇಶ್ವರ, ಸವಣೂರುಗಳ ಮೇಲೆ ಹಾಯ್ದು ಹಾವೇರಿ ಸೇರಿ, ಅಲ್ಲಿಂದ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಮರಳುವ ಸುತ್ತು ಚಾಲುಕ್ಯರ ಕಾಲದ ಗುಡಿಗಳನ್ನು ನೋಡಬಯಸುವವರಿಗೆ ಬಹಳ ಒಳ್ಳೆಯ ದಾರಿ. ನಾವು ಹೊರಟದ್ದು ಮಾರ್ಚ್ ಕೊನೆಯಲ್ಲಿ, ಯುಗಾದಿಯ ಆಸುಪಾಸಿನಲ್ಲಿ. ಎರೆ ಹೊಲಗಳು ಬಿರುಕು ಬಿಡಲು ತೊಡಗುವ ಈ ಹೊತ್ತಿನಲ್ಲಿ ರಸ್ತೆಯ ಮೇಲೆ ನೆರಳು ಅಪರೂಪ, ಮಧ್ಯಾಹ್ನದ ಗಾಳಿಯೂ ಬಿಸಿ. ಇಂಧನ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಕಾರು ರೇಡಿಯೇಟರಿನ, ಅಂದರೆ ಎಂಜಿನ್ನಿನಿಂದ ಬಂದ ಬಿಸಿ ದ್ರವವನ್ನು ಗಾಳಿಗೆ ತಣಿಸುವ ಭಾಗದ, ಮೂಲಕವೇ ಹೊರಹಾಕಬೇಕು. ಹೊರಗಿನ ಗಾಳಿ ಕಾದಷ್ಟೂ ಆ ಕೆಲಸ ಕಷ್ಟವಾಗುತ್ತದೆ. ಇದರ ಜೊತೆಗೆ ಈ ಸೀಮೆಯ ಬಹಳಷ್ಟು ಊರುಗಳಲ್ಲಿ ಕೊಳವೆಬಾವಿಯ ನೀರು ಸವಳು. ಎಂಜಿನ್ನನ್ನು ಬಿಸಿಲಿಗಿಂತ ಹೆಚ್ಚಾಗಿ ಕೆಡಿಸುವುದು ಆ ನೀರೇ ಎಂಬುದು ನನ್ನ ದೃಢವಾದ ಅಭಿಪ್ರಾಯ; ಈ ಪ್ರವಾಸ ಅದನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಹೊರಡುವ ಮುನ್ನ ಗೋಕುಲ ರಸ್ತೆಯ ಕಡೆಯ ಒಂದು ಗ್ಯಾರೇಜಿನಲ್ಲಿ ಕಾರು ತೋರಿಸಿದೆವು. ಅಲ್ಲಿ ಬೇರೊಂದು ಗಾಡಿಯಿಂದ ಬಿಚ್ಚಿದ ರೇಡಿಯೇಟರ್ ಗೋಡೆಗೆ ಒರಗಿಸಿಟ್ಟಿತ್ತು. ಮಿಸ್ತ್ರಿಯವರು ಅದರ ಪ್ಲಾಸ್ಟಿಕ್ ಟ್ಯಾಂಕನ್ನು ಕಳಚಿ ಒಳಭಾಗ ತೋರಿಸಿದರು. ಚಪ್ಪಟೆಯಾದ ಅಲ್ಯೂಮಿನಿಯಂ ಕೊಳವೆಗಳ ಸೀಳುಬಾಯಿಗಳಲ್ಲಿ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಗಾರೆ ಕಟ್ಟಿತ್ತು. ಅದರ ಮೇಲೆ ತುಕ್ಕಿನ ಕೆಂಪು ಕೆಸರು. ಅವರು ಸಣ್ಣ ತಂತಿಯೊಂದನ್ನು ತೂರಿಸಲು ನೋಡಿದರು. ಅರ್ಧಕ್ಕರ್ಧ ಕೊಳವೆಗಳಲ್ಲಿ ಅದು ಒಳಗೆ ಹೋಗಲಿಲ್ಲ. “ಇದು ಕೂಲಂಟ್ ಕಂಡೇ ಇಲ್ರೀ ಸರ, ಬರೇ ಬೋರಿನ ನೀರು” ಎಂದರು. ಕೂಲಂಟ್ ಎಂದರೆ ಎಂಜಿನ್ ತಣಿಸಲು ನೀರಿನೊಂದಿಗೆ ಬೆರೆಸಿ ತುಂಬುವ ದ್ರವ. ಕಾದ ಸವಳು ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೇರ್ಪಟ್ಟು ಲೋಹಕ್ಕೆ ಅಂಟುತ್ತವೆ. ಈ ಪದರ ತೆಳುವಾಗಿದ್ದರೂ ಶಾಖವನ್ನು ತಡೆಯುತ್ತದೆ, ಹೀಗಾಗಿ ರೇಡಿಯೇಟರ್ ಹೊರಗಿನಿಂದ ಎಷ್ಟು ಸ್ವಚ್ಛವಾಗಿ ಕಂಡರೂ ಎಂಜಿನ್ ಕಾಯುತ್ತದೆ.

ಕೂಲಂಟ್ ಚಳಿ ಪ್ರದೇಶದವರಿಗೆ ಮಾತ್ರ ಬೇಕಾದದ್ದು, ನಮ್ಮ ಕಡೆ ನೀರೇ ಸಾಕು ಎನ್ನುವ ಮಾತನ್ನು ಬಹಳ ಸಲ ಕೇಳಿದ್ದೇನೆ. ಆ ಮಾತಿನಲ್ಲಿ ಒಂದಿಷ್ಟು ಸತ್ಯವೂ ಇದೆ: ಶಾಖವನ್ನು ಹೊತ್ತೊಯ್ಯುವುದರಲ್ಲಿ ಶುದ್ಧ ನೀರು ಕೂಲಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್‌ಗಿಂತ ಮೇಲು. ಆದರೆ ಕೂಲಂಟ್‌ನಲ್ಲಿ ಗ್ಲೈಕಾಲ್ ಒಂದೇ ಇರುವುದಿಲ್ಲ. ಎರಕದ ಕಬ್ಬಿಣ, ಅಲ್ಯೂಮಿನಿಯಂ, ಬೆಸುಗೆ ಹಾಕಿದ ಕೀಲುಗಳು ತುಕ್ಕು ಹಿಡಿಯದಂತೆ ಕಾಯುವ ರಾಸಾಯನಿಕಗಳೂ ಇರುತ್ತವೆ. ನಮ್ಮ ಸೀಮೆಯಲ್ಲಿ ಅದನ್ನು ಹಾಕಬೇಕಾದ್ದು ಮುಖ್ಯವಾಗಿ ಇವುಗಳಿಗಾಗಿ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿದ ದ್ರವ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಸರಿಯಾದ ಮುಚ್ಚಳ ಒಳಗೆ ಒಂದು ಬಾರ್‌ನಷ್ಟು ಒತ್ತಡ ಹಿಡಿದಿಟ್ಟರೆ ಸುಮಾರು 129 ಡಿಗ್ರಿಯವರೆಗೂ ಕುದಿಯುವುದಿಲ್ಲ. ಬಣ್ಣ ನೋಡಿ ಕೂಲಂಟ್ ಕೊಳ್ಳುವುದನ್ನಂತೂ ಬಿಡಬೇಕು. ಹಸಿರು, ನೀಲಿ, ಗುಲಾಬಿ ಎಂಬುದು ತಯಾರಕರು ಸೇರಿಸುವ ಬಣ್ಣವಷ್ಟೆ. ಹಳೆಯ ಬಗೆಯದು ಸಾಮಾನ್ಯವಾಗಿ ಎರಡು ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ, ಸಾವಯವ ಆಮ್ಲದ ಬಗೆಯದು ಐದು ವರ್ಷದಷ್ಟು ಬಾಳುತ್ತದೆ, ಎರಡನ್ನೂ ಬೆರೆಸಿದರೆ ಕೆಲವೊಮ್ಮೆ ಒಳಗೆ ಲೋಳೆ ಕಟ್ಟುತ್ತದೆ. ಕಾರಿನ ಕೈಪಿಡಿಯಲ್ಲಿ ಬರೆದ ಬಗೆಯನ್ನೇ ಹಾಕಬೇಕು. ನಮ್ಮ ಕಾರಿನಲ್ಲಿ ದ್ರವದ ಮಟ್ಟ, ಮುಚ್ಚಳದ ರಬ್ಬರ್, ವಾಟರ್ ಪಂಪ್ ಎಲ್ಲವೂ ಸರಿಯಿದ್ದವು. ಕೆಳಗಿನ ಹೋಸ್ ಮಾತ್ರ ಕ್ಲಾಂಪಿನ ಬಳಿ ಉಬ್ಬಿ, ಹಿಚುಕಿದರೆ ಮೆತ್ತಗಾಗಿತ್ತು. ರಬ್ಬರ್ ಒಳಗಿನಿಂದಲೇ ಹಾಳಾಗುತ್ತ ಬರುವುದರಿಂದ ಅದು ಸೋರುವವರೆಗೆ ಕಾಯದೆ ಅಲ್ಲಿಯೇ ಬದಲಾಯಿಸಿಕೊಂಡು, ಬೆರೆಸಿ ಸಿದ್ಧವಾದ ಕೂಲಂಟಿನ ಕ್ಯಾನೊಂದನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆವು.

ಅಣ್ಣಿಗೇರಿಗೆ ಮುನ್ನ ಕೆಲವು ಕಡೆ ರೈತರು ರಸ್ತೆಯ ಮೇಲೆ ಬೆಳೆ ಹರವಿ ಒಕ್ಕಣೆಗೆ ಬಿಟ್ಟಿದ್ದರು. ಹಾದು ಹೋಗುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡುತ್ತದೆ. ಹೊಟ್ಟು ಗಾಳಿಗೆ ಏಳುತ್ತದೆ. ಅಮೃತೇಶ್ವರ ಗುಡಿಯ ಮುಂದೆ ಕಾರು ನಿಲ್ಲಿಸಿ ನೋಡಿದರೆ ಮುಂಭಾಗದ ಜಾಲರಿಯ ಹಿಂದೆ ಎಸಿಯ ಶಾಖ ಹೊರಬಿಡುವ ಕಂಡೆನ್ಸರ್ ಮೇಲೆ ಹೊಟ್ಟು, ಹತ್ತಿಯ ಎಳೆ, ಸತ್ತ ಹುಳಗಳು ಒತ್ತಾಗಿ ಕೂತಿದ್ದವು. ರೇಡಿಯೇಟರ್ ಇರುವುದು ಕಂಡೆನ್ಸರಿನ ಹಿಂದೆ. ಮುಂದಿನದು ಕಟ್ಟಿದರೆ ಹಿಂದಿನದಕ್ಕೆ ಗಾಳಿ ಸಿಗದು. ಎಂಜಿನ್ ತಣಿದ ಮೇಲೆ ನನ್ನ ಅಳಿಯ ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಗುಡಿಸಿದ. ಜೋರಾದ ನೀರಿನ ಪೈಪು ಹಿಡಿದರೆ ಕಂಡೆನ್ಸರಿನ ಕಾಗದದಷ್ಟು ತೆಳುವಾದ ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಗದಗಿನಿಂದ ಲಕ್ಕುಂಡಿ ಸುಮಾರು 12 ಕಿಲೊಮೀಟರ್. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೂ ಕಾಶಿವಿಶ್ವೇಶ್ವರ ಗುಡಿಯನ್ನೂ ನೋಡಿ, ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಬಹಳ ಹೊತ್ತು ಕುಳಿತೆವು. ಊರಿನ ಇಕ್ಕಟ್ಟಾದ ಓಣಿಗಳಲ್ಲಿ ಕಾರು ನಡಿಗೆಯ ವೇಗದಲ್ಲಿ ಸಾಗುವಾಗ ಎದುರುಗಾಳಿ ಇರುವುದಿಲ್ಲ. ರೇಡಿಯೇಟರ್ ಫ್ಯಾನ್ ಸರಿಯಿದೆಯೇ ಎಂದು ತಿಳಿಯುವುದು ಇಂಥಲ್ಲಿಯೇ. ಹೆದ್ದಾರಿಯಲ್ಲಿ ಸುಮ್ಮನಿದ್ದು ಓಣಿಯಲ್ಲಿ ಕಾಯುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಫ್ಯಾನು, ಅದರ ಫ್ಯೂಸು, ರಿಲೇ.

ಡಂಬಳದ ದಾರಿಯಲ್ಲಿ, ಕಪ್ಪತಗುಡ್ಡದ ಗಾಳಿಯಂತ್ರಗಳು ದೂರದಲ್ಲಿ ಕಾಣುವ ಕಡೆ, ಒಂದು ಕಾರು ಬಾನೆಟ್ ಎತ್ತಿಕೊಂಡು ಹಬೆಯಾಡುತ್ತ ನಿಂತಿತ್ತು. ಮಕ್ಕಳೊಂದಿಗೆ ಹೊರಟಿದ್ದ ಗಂಡ-ಹೆಂಡತಿ. ಆತ ಒದ್ದೆ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಮುಚ್ಚಳ ತಿರುಗಿಸಲು ಸಿದ್ಧನಾಗಿದ್ದ. ಪಕ್ಕದ ಚಹಾದಂಗಡಿಯ ಅಜ್ಜಿ ಕೊಡ ಹಿಡಿದು ಬಂದು, “ಯಪ್ಪಾ, ನೀರ ಐತಿ, ಲಗೂನ ಹಾಕ್ರಿ” ಎನ್ನುತ್ತಿದ್ದರು. ನಾನು ಓಡಿಹೋಗಿ, “ಅಣ್ಣಾರ, ಮುಚ್ಚಳ ಮುಟ್ಟಬ್ಯಾಡ್ರಿ, ಒಂದ್ ತಾಸು ತಡೀರಿ” ಎಂದು ತಡೆದೆ. ಒತ್ತಡದಲ್ಲಿ 100 ಡಿಗ್ರಿ ದಾಟಿದ ನೀರು ಮುಚ್ಚಳ ಸಡಿಲವಾದೊಡನೆ ಒಮ್ಮೆಗೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಣ್ಣನ್ನೇ ಕಳೆಯಬಲ್ಲ ಅಪಾಯವದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಸಿಲಿಂಡರುಗಳ ಮೇಲೆ ಕೂರುವ ಅಲ್ಯೂಮಿನಿಯಂ ಹೆಡ್ ಬಿರಿಯಬಹುದು. ಅದು ಡೊಂಕಾದರೂ ಸಾಕು, ಅದರಡಿಯ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಬಿಟ್ಟುಕೊಂಡು ನೀರು ಸಿಲಿಂಡರಿಗೋ ಎಣ್ಣೆಗೋ ಸೇರುತ್ತದೆ. ಅಜ್ಜಿ ನಮ್ಮೆಲ್ಲರನ್ನೂ ತಮ್ಮ ಚಪ್ಪರದಡಿ ಕೂರಿಸಿ ಚಹಾ ಕೊಟ್ಟರು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿದ್ದು ಕಂಡಾಗಲೇ ಎಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬದಿಗೆ ನಿಲ್ಲಿಸಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದು ಅವರಿಗೆ ವಿವರಿಸಿದೆ. ಹೀಟರೂ ಒಂದು ಸಣ್ಣ ರೇಡಿಯೇಟರೇ. ಒಳಗೆ ಕೂತವರಿಗೆ ಸೆಕೆಯಾದರೂ ಎಂಜಿನ್ನಿನ ಶಾಖ ಅಷ್ಟು ಕಡಿಮೆಯಾಗುತ್ತದೆ.

ತಣಿದ ಮೇಲೆ ಮುಚ್ಚಳ ತೆಗೆದಾಗ ಕಾರಣ ಕೈಗೇ ಸಿಕ್ಕಿತು. ಅದರ ರಬ್ಬರ್ ಬಳೆ ಒಣಗಿ ಸೀಳಿತ್ತು. ಒತ್ತಡ ನಿಲ್ಲದೆ ದ್ರವ ದಿನವೂ ಸ್ವಲ್ಪ ಸ್ವಲ್ಪ ಹಬೆಯಾಗಿ ಹೋಗಿತ್ತು, ಅವರು ಪ್ರತಿ ಸಲ ಮನೆಯ ಬೋರಿನ ನೀರು ತುಂಬುತ್ತ ಬಂದಿದ್ದರು, ಬೆರಳಿಗೆ ತುಕ್ಕಿನ ಕೆಸರು ಹತ್ತಿತು. ಒಳಗೆ ಉಳಿದದ್ದು ಬರೀ ನೀರಾದ್ದರಿಂದ ಬಗೆ ಬೆರೆಯುವ ಭಯವಿರಲಿಲ್ಲ. ನಮ್ಮ ಕ್ಯಾನನ್ನು ಪೂರ್ತಿ ಸುರಿದು, ಸಾಲದ್ದಕ್ಕೆ ಬಾಟಲಿಯ ಕುಡಿಯುವ ನೀರು ಹಾಕಿದೆವು. ಕೂಲಂಟ್ ಇಲ್ಲದ ಕಡೆ ನೀರು ಹಾಕುವುದು ತಪ್ಪಲ್ಲ. ಅದನ್ನು ಹಾಗೆಯೇ ವರ್ಷಗಟ್ಟಲೆ ಬಿಡುವುದು ತಪ್ಪು. ಸೀಳಿದ ಮುಚ್ಚಳದಲ್ಲೇ ಅವರು ಎಸಿ ಇಲ್ಲದೆ, ಮುಳ್ಳಿನ ಮೇಲೆ ಕಣ್ಣಿಟ್ಟು, ನಡುನಡುವೆ ನಿಲ್ಲಿಸುತ್ತ ಗದಗಿನತ್ತ ಹೊರಟರು. ನಾವು ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋದೆವು. ನಕ್ಷತ್ರದಂತೆ 24 ಮೂಲೆಗಳಾಗಿ ಮಡಿಕೆಗೊಂಡ ಅದರ ಗೋಡೆಯನ್ನು ಒಂದು ಸುತ್ತು ಬಂದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಸಂಜೆ ಗದಗಿಗೆ ಮರಳಿದಾಗ ಅದೇ ಕಾರು ಒಂದು ಗ್ಯಾರೇಜಿನಲ್ಲಿತ್ತು. ಅಲ್ಲಿನ ಹುಡುಗನೊಬ್ಬ, “ನಮ್ಮ ಬಿಸಲಿಗೆ ಥರ್ಮೋಸ್ಟಾಟ್ ಯಾಕರಿ, ತಗದ ಒಗೀರಿ” ಎಂದ. ಎಂಜಿನ್ ಬಿಸಿಯಾಗುವವರೆಗೆ ದ್ರವ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟವೇ ಥರ್ಮೋಸ್ಟಾಟ್. ಅದನ್ನು ತೆಗೆದೆಸೆಯುವ, ನಮ್ಮ ಕಡೆ ಬೇರೂರಿದ ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ತನ್ನ ಸರಿಯಾದ ಬಿಸಿಗೆ ತಡವಾಗಿ ಬರುತ್ತದೆ ಇಲ್ಲವೇ ಬರುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಣ್ಣೆ ಕೆಸರಾಗುತ್ತದೆ. ಗ್ಯಾರೇಜಿನ ಹಿರಿಯ ಮಿಸ್ತ್ರಿ ಹುಡುಗನನ್ನು ಸುಮ್ಮನಿರಿಸಿ, ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಸ್ಟೀಲ್ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟರು. ಅದರ ಅಂಚಿನಲ್ಲಿ 82 ಎಂದು, ಅಂದರೆ ಅದು ತೆರೆಯತೊಡಗುವ ಡಿಗ್ರಿ, ಒತ್ತಿತ್ತು. ನೀರು ಕುದಿಯತೊಡಗುವ ಮೊದಲೇ ನಡುವಿನ ಹಿತ್ತಾಳೆಯ ತಟ್ಟೆ ಮೆಲ್ಲನೆ ಕೆಳಗಿಳಿದು ಬಾಯಿ ತೆರೆಯಿತು. ಹೊರತೆಗೆದಿಟ್ಟಾಗ ತಣಿದು ತಾನಾಗಿ ಮುಚ್ಚಿಕೊಂಡಿತು. “ಇದು ಛಲೋ ಐತ್ರಿ, ಹೊಳ್ಳಿ ಹಾಕತೇನಿ” ಎಂದು ಅದನ್ನೇ ಕೂರಿಸಿ, ಒಳಭಾಗವನ್ನು ಡಿಸ್ಟಿಲ್ಡ್ ನೀರಿನಿಂದ ತೊಳೆದು, ಹೊಸ ಮುಚ್ಚಳ, ಹೊಸ ಕೂಲಂಟ್ ಹಾಕಿದರು. ಹೀಟರ್ ತೆರೆದಿಟ್ಟು, ಮುಂಭಾಗ ಏರಿನ ಕಡೆ ಇರುವಂತೆ ಕಾರು ನಿಲ್ಲಿಸಿ, ಗಾಳಿಗುಳ್ಳೆಗಳೆಲ್ಲ ಹೊರಬರುವವರೆಗೆ ಎಂಜಿನ್ ಓಡಿಸಿದರು. ಒಳಗೆ ಗಾಳಿ ಉಳಿದರೆ ಹೊಸ ಕೂಲಂಟ್ ಇದ್ದೂ ಗಾಡಿ ಕಾಯುತ್ತದೆ. ತೆಗೆದ ಕೊಳಕು ದ್ರವವನ್ನು ಗಟಾರಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಮುಚ್ಚಿಟ್ಟದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಗ್ಲೈಕಾಲ್ ಸಿಹಿ ರುಚಿಯ ವಿಷ; ನೆಕ್ಕಿದ ನಾಯಿಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಮರುದಿನ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಮರಗಳನ್ನು ನೋಡಿ ಹಾವೇರಿ ಸೇರುವವರೆಗೆ ನಮ್ಮ ಕಾರಿನ ಮುಳ್ಳು ನಡುವಿನಿಂದ ಕದಲಲಿಲ್ಲ. ಸಿದ್ಧೇಶ್ವರನ ದರ್ಶನ ಮುಗಿಸಿ, ಖಾಲಿಯಾಗಿದ್ದ ಕ್ಯಾನಿನ ಬದಲಿಗೆ ಅದೇ ಬಗೆಯ ಇನ್ನೊಂದನ್ನು ಬಿಡಿಭಾಗದ ಅಂಗಡಿಯಲ್ಲಿ ಕೊಂಡು ಹೆದ್ದಾರಿ ಹಿಡಿದೆವು.