ಪರದೆ ಮಬ್ಬಾದರೆ ಅಪ್ಪಯ್ಯ ಬಲ್ಬ್ ನೋಡುತ್ತಾರೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮಳೆಗಾಲ ಶುರುವಾದರೆ ಕರೆಂಟನ್ನು ನಂಬುವ ಹಾಗಿಲ್ಲ. ಹಾಗಾಗಿ ಕಂಪ್ಯೂಟರ್ ಪರದೆ ಮಬ್ಬಾದಾಗ ಅಪ್ಪಯ್ಯ ಮೊದಲು ತಲೆಯೆತ್ತಿ ಬಲ್ಬ್ ನೋಡಿದರು. "ವೋಲ್ಟೇಜ್ ಇಳೀತು ಮಾರಾಯ" ಅಂದರು. ಬಲ್ಬ್ ಚೆನ್ನಾಗೇ ಉರಿಯುತ್ತಿತ್ತು. ಪರದೆಯ ಮಧ್ಯೆ ವಿಂಡೋಸ್, 'ಈ ಪ್ರೋಗ್ರಾಂ ಕಂಪ್ಯೂಟರಲ್ಲಿ ಬದಲಾವಣೆ ಮಾಡಬಹುದಾ' ಅಂತ ಅನುಮತಿ ಕೇಳುತ್ತಾ ನಿಂತಿತ್ತು.

ಅಡಿಕೆ ಲೆಕ್ಕದ ಹಳೇ ಪ್ರೋಗ್ರಾಂ ಒಂದಿದೆ. ಅದನ್ನು ತೆರೆದಾಗಲೆಲ್ಲ ಇದೇ ಕಥೆ. ಅಪ್ಪಯ್ಯ ಓದದೇ 'ಯೆಸ್' ಒತ್ತಿ ಒತ್ತಿ ರೂಢಿಯಾಗಿತ್ತು. ಅದೇ ಕೈಯಲ್ಲಿ ಅಣ್ಣನ ಮಗ ಇಳಿಸಿಕೊಂಡ ಆಟಕ್ಕೂ ಯೆಸ್ ಒತ್ತಿದರು. ಆಟದ ಬೆನ್ನಿಗೆ ಬಂದ ಜಾಹೀರಾತುಗಳನ್ನು ಓಡಿಸಲು ನನ್ನದೊಂದು ಭಾನುವಾರ ಪೂರ್ತಿ ಹೋಯಿತು.

"ಸೆಟ್ಟಿಂಗಲ್ಲಿ ಈ ಅನುಮತಿ ಕೇಳೋದಕ್ಕೆ ಒಂದು ಸ್ಲೈಡರ್ ಇದೆ, ಅದನ್ನ ಪೂರ್ತಿ ಕೆಳಗೆ ಎಳಿ, ಮತ್ತೆ ಕೇಳೋದೇ ಇಲ್ಲ" ಅಂದ ಗೆಳೆಯ. ಬೊಗಳುತ್ತೆ ಅಂತ ನಾಯಿಯನ್ನೇ ಓಡಿಸಿದ ಹಾಗಾಯ್ತು, ಅಲ್ವಾ? 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಈ ಕಾಟ ಇನ್ನೂ ಜಾಸ್ತಿ ಇತ್ತು. ಆಗ ನಾನೂ ಆಫ್ ಮಾಡಿದವನೇ, ಸುಳ್ಳು ಯಾಕೆ.

ಈ ಸಲ ಕೂತು ನೋಡಿದೆ. ಆ ಪ್ರೋಗ್ರಾಂ ಲೆಕ್ಕವನ್ನೆಲ್ಲ 'ಪ್ರೋಗ್ರಾಂ ಫೈಲ್ಸ್' ಅನ್ನೋ ವಿಂಡೋಸ್ ಫೋಲ್ಡರಿನ ಒಳಗೇ ಬರೆಯುತ್ತಿತ್ತು. ಅಲ್ಲಿ ಬರೆಯಲು ಅಡ್ಮಿನ್, ಅಂದರೆ ಕಂಪ್ಯೂಟರಿನ ಯಜಮಾನನ ಅಪ್ಪಣೆ ಬೇಕು. ಹಾಕಿಕೊಟ್ಟ ಹುಡುಗ 'ಯಾವಾಗಲೂ ಅಡ್ಮಿನ್ ಆಗಿ ತೆರೆ' ಅಂತ ಟಿಕ್ ಮಾಡಿ ಕೈ ತೊಳೆದುಕೊಂಡಿದ್ದ. ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದು, ಪ್ರೋಗ್ರಾಂ ಇದ್ದ ಫೋಲ್ಡರನ್ನು ಆ ಅಪ್ಪಣೆ ಬೇಡದ ಡಿ ಡ್ರೈವಿಗೆ ಸಾಗಿಸಿ, ಟಿಕ್ ತೆಗೆದೆ. ಪ್ರೋಗ್ರಾಂ ತುಟಿ ಪಿಟಕ್ ಅನ್ನದೆ ತೆರೆದುಕೊಂಡಿತು.

ಆಮೇಲೆ ಬೇರೆ ಅಡ್ಮಿನ್ ಖಾತೆ ಮಾಡಿ, ಅದರೊಳಗೆ ಹೋಗಿ ಬಂದು, ಅಪ್ಪಯ್ಯನ ಖಾತೆಯನ್ನು ಸಾದಾ ಖಾತೆ ಮಾಡಿದೆ. ಈಗ ಬರೀ ಯೆಸ್ ನಡೆಯುವುದಿಲ್ಲ, ಅಡ್ಮಿನ್ ಖಾತೆಯ ಪಾಸ್‌ವರ್ಡ್ ಬೇಕು. ಅನುಮತಿ ಕೇಳುವ ಚೌಕದ ಮೇಲಿನ ಪಟ್ಟಿಯ ಬಣ್ಣ ನೋಡುವುದನ್ನೂ ಹೇಳಿಕೊಟ್ಟೆ. ಹಳದಿ ಅಂದರೆ ಮಾಡಿದವರು ಯಾರೋ ಗೊತ್ತಿಲ್ಲ. ನೀಲಿ ಅಂದ ಮಾತ್ರಕ್ಕೆ ಸಾಚಾ ಅಂತೇನಲ್ಲ, ಹೆಸರು ಗೊತ್ತು ಅಷ್ಟೇ.

ಮೊನ್ನೆ ಶಿವಮೊಗ್ಗಕ್ಕೆ ಫೋನ್ ಬಂತು. "ಮಾಣಿ ಮತ್ತೆ ಎಂತದೋ ಆಟ ಹಾಕಕ್ಕೆ ಹೊರಟಿದ್ದ. ಹಳದಿ ಬಂತು. ನಾನೇ 'ನೋ' ಒತ್ತಿದೆ."

"ಒಳ್ಳೇದಾಯ್ತು ಅಪ್ಪಯ್ಯ."

"ಅದಿರಲಿ, ತೋಟಕ್ಕೆ ಔಷಧಿ ಹೊಡೆಯಕ್ಕೆ ಜನ ಸಿಗ್ತಿಲ್ಲ. ನೀ ಯಾವಾಗ ಬರ್ತೆ?"